ಅಕ್ಕಿ ಗಿರಣಿಯ ಗಿಟಾರ್ ಮೀನುಗಳು

1979ರ ಜನವರಿ 29, ಸೋಮವಾರ. ಬೆಳಿಗ್ಗೆ ಏಳೂಕಾಲು. ಕಂಪ್ಲಿ ಪೊಲೀಸ್ ಠಾಣೆಯ ದಫೇದಾರ ಜಂಬಯ್ಯ ಸ್ಟೇಷನ್ ಡೈರಿಯ ಹೊಸ ಹಾಳೆಗೆ ತಾರೀಖು ಹಾಕುತ್ತಿದ್ದ. ಅಷ್ಟರಲ್ಲಿ ದೊಡ್ಡಬಸಪ್ಪನವರ ಅಕ್ಕಿ ಗಿರಣಿಯ ಗುಮಾಸ್ತ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದ. ಕೈಯಲ್ಲಿ ಮಡಚಿದ ಒಂದು ಅರ್ಜಿ.

"ಸಾಹೇಬ್ರು ಅದಾರೇನ್ರಿ?"

"ಸ್ನಾನಕ್ಕ ಹೋಗ್ಯಾರ. ಏನಾತು?"

"ಮತ್ತ ಬಂದೈತ್ರಿ. ಇದು ಮೂರನೇದು."

ಅರ್ಜಿ ಚಿಕ್ಕದು. ಅಮಾವಾಸ್ಯೆ ಕಳೆದ ಬೆಳಿಗ್ಗೆ ಗಿರಣಿಯ ಗೇಟಿಗೆ ಪಿಶಾಚಿಯ ಆಕಾರವೊಂದನ್ನು ಕಟ್ಟಿ ಮಾಟ ಮಾಡಿದ್ದಾರೆ. ಡಿಸೆಂಬರ್ ಒಂದರಂದು ಮತ್ತು ಮೂವತ್ತರಂದು ಸಹ ಹೀಗೇ ಆಗಿತ್ತು. ಗಿರಣಿಯ ಅಂಗಳದಲ್ಲಿ ನುಚ್ಚು ಗುಡಿಸುವ ಎರ್ರಮ್ಮನ ಮೇಲೆ ಸಂಶಯವಿದೆ, ಆಕೆಯ ಮೇಲೆ ಕ್ರಮ ಜರುಗಿಸಬೇಕು. ಕೆಳಗೆ ದೊಡ್ಡಬಸಪ್ಪನ ಸಹಿ. ಆ ಸಹಿ ಊರಿನ ಎಷ್ಟೋ ಕಾಗದಗಳ ಮೇಲೆ ಇದ್ದದ್ದೇ. ಆದರೆ ಈ ಸಲ ಅಕ್ಷರ ನಡುಗಿತ್ತು.

ಸಬ್ ಇನ್ಸ್‌ಪೆಕ್ಟರ್ ಭರಮಣ್ಣ ಒದ್ದೆ ತಲೆಯಲ್ಲೇ ಬಂದು ಅರ್ಜಿಯನ್ನು ಎರಡು ಸಲ ಓದಿದರು. ಮೂವತ್ತೊಂದು ವರ್ಷದವರು, ಚೋರನೂರು ಕಡೆಯ ಮಳೆಯಾಶ್ರಿತ ಹೊಲದವರ ಮಗ, ಮಾತು ಕಡಿಮೆ. ಕಂಪ್ಲಿಗೆ ಬಂದು ಎಂಟು ತಿಂಗಳಾಗಿತ್ತು.

"ಮಾಟಕ್ಕ ಕಾನೂನಿನಾಗ ಕಲಂ ಇಲ್ಲ. ಮತ್ತೊಬ್ಬರ ಜಾಗದಾಗ ಹೊಕ್ಕು ಹೆದರಿಸಿದ್ರ ಐತಿ. ಜಂಬಯ್ಯ, ಎಫ್‌ಐಆರ್ ಬರೀರಿ."

ಗುನ್ನೆ ನಂಬರ್ 9/79, ಕಲಂ 447, 506. ಆರೋಪಿಯ ಹೆಸರಿನ ಮುಂದೆ ಜಂಬಯ್ಯ 'ಅಪರಿಚಿತ' ಎಂದು ಬರೆದ. ಗುಮಾಸ್ತ ಕತ್ತು ಚಾಚಿ ನೋಡಿ, ಎರ್ರಮ್ಮನ ಹೆಸರು ಯಾಕಿಲ್ಲ ಎಂದು ಕೇಳಿದ. ಭರಮಣ್ಣ ಟೋಪಿ ಹಾಕಿಕೊಂಡು ಹೊರಟರು.

ಗಿರಣಿ ಕಾಲುವೆಯ ದಂಡೆಯ ಮೇಲಿತ್ತು. ಅಂಗಳದ ತುಂಬ ಭತ್ತ ಹರವಿದ್ದರು, ಆದರೆ ಅಂದು ತಿರುವಿ ಹಾಕುವವರು ಒಬ್ಬರೂ ಇರಲಿಲ್ಲ. ಕೂಲಿಯವರೆಲ್ಲ ರಸ್ತೆಯ ಆಚೆ ನಿಂತಿದ್ದರು. ಗೇಟಿನ ಮೇಲ್ತುದಿಯ ಕಬ್ಬಿಣದ ಸರಳಿನಿಂದ ಅದು ತೂಗುತ್ತಿತ್ತು.

ಜಂಬಯ್ಯ ಇಪ್ಪತ್ತು ವರ್ಷಗಳ ನೌಕರಿಯಲ್ಲಿ ನೇಣು ಬಿದ್ದವರನ್ನು, ರೈಲಿಗೆ ಸಿಕ್ಕವರನ್ನು, ಬಾವಿಯಲ್ಲಿ ಉಬ್ಬಿದವರನ್ನು ನೋಡಿದವನು. ಆದರೂ ಅವನು ಎರಡು ಹೆಜ್ಜೆ ಹಿಂದೆ ಸರಿದ. ಎರಡೂವರೆ ಗೇಣು ಉದ್ದದ ಒಣಗಿದ ಮೈ. ಬೋಳು ಗುಂಡು ತಲೆ. ಎರಡು ಸಣ್ಣ ಕಣ್ಣು, ಕೆಳಗೆ ಅಗಲಕ್ಕೆ ಬಿರಿದ ಬಾಯಿ, ಕತ್ತು, ಕತ್ತಿನಿಂದ ಆಚೀಚೆ ಚಾಚಿದ ರೆಕ್ಕೆ, ಜೋತುಬಿದ್ದ ಎರಡು ಕಾಲು, ಹಿಂದೊಂದು ಬಾಲ. ಮೈಗೆಲ್ಲ ಮೆರುಗೆಣ್ಣೆ ಬಳಿದು ಹೊಳೆಯುತ್ತಿತ್ತು.

ಪಂಚರಾಗಿ ಬಂದಿದ್ದ ಇಬ್ಬರೂ ಅದನ್ನು ಮುಟ್ಟುವುದಿಲ್ಲ ಎಂದರು. ಭರಮಣ್ಣ ಗುಮಾಸ್ತನ ಕುರ್ಚಿ ತರಿಸಿ, ಮೇಲೆ ಹತ್ತಿ, ತಾವೇ ಬಿಚ್ಚಿ ಇಳಿಸಿದರು. ಜಂಬಯ್ಯ ಅಳತೆ ಹಿಡಿದು ಪಂಚನಾಮೆ ಬರೆದ. ಅದು ಏನೆಂದು ಬರೆಯುವುದು ಎನ್ನುವಲ್ಲಿ ಅವನ ಪೆನ್ನು ನಿಂತಿತು.

"'ಒಂದು ಒಣಗಿದ ವಸ್ತು' ಅಂತ ಬರೀರಿ," ಎಂದರು ಭರಮಣ್ಣ.

ದೊಡ್ಡಬಸಪ್ಪ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದ. ಅರವತ್ತರ ಆಜುಬಾಜು. ಎರಡು ತಿಂಗಳ ಹಿಂದೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಈಗ ಅಂಗಿಯೊಳಗೆ ಸಣ್ಣವನಾಗಿ ಹೋಗಿದ್ದ.

"ಎರ್ರಮ್ಮಗ ನಿಮ್ಮ ಮ್ಯಾಲೆ ಏನು ದ್ವೇಷ?" ಭರಮಣ್ಣ ಕೇಳಿದರು.

"ನುಚ್ಚು ಮನೀಗೆ ಒಯ್ತಿದ್ಲು. ಬ್ಯಾಡ ಅಂದೆ."

"ಅಷ್ಟಕ್ಕ?"

"ಅಂಥೋರಿಗೆ ಅಷ್ಟು ಸಾಕ್ರಿ."

"ಮೊದ್ಲಿನ ಎರಡು ಎಲ್ಲದಾವ?"

"ಒಂದನ್ನ ಕಾಲುವ್ಯಾಗ ಎಸದ್ವಿ. ಇನ್ನೊಂದು ಸುಡ್ರಿ ಅಂತ ಹೇಳಿದ್ದೆ." ಅವನು ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಸಾಹೇಬ್ರ, ಮೂರೂ ಬ್ಯಾರೆ ಬ್ಯಾರೆ ಇದ್ವು. ಮನುಷ್ಯ ಮಾಡಿದ ಗೊಂಬಿ ಆದ್ರ ಒಂದರಂಗ ಒಂದು ಇರ್ತಾವಲ್ರಿ. ಇವನ್ನ ಯಾರೂ ಮಾಡಿಲ್ಲ. ಇವು ಹುಟ್ಟಿ ಬಂದಾವ."

ಒಳಗಿನಿಂದ ಅವನ ಹೆಂಡತಿ ಚೆನ್ನಬಸಮ್ಮ ಒಂದು ಗೋಣಿಚೀಲ ತಂದು ಹೊಸ್ತಿಲ ಬಳಿ ಇಟ್ಟಳು. "ಸುಡಲಿಲ್ರಿ. ಹೊಗಿ ಮನಿಯಾಗ ತುಂಬತೈತಿ ಅಂತ ಅಂಜಿ ಹಿತ್ತಲದಾಗ ಮುಚ್ಚಿಟ್ಟಿದ್ದೆ." ಚೀಲದೊಳಗೆ ಎರಡನೆಯದಿತ್ತು. ದೊಡ್ಡಬಸಪ್ಪ ಹೇಳಿದ್ದು ನಿಜ. ಇದರ ತಲೆ ಗುಂಡಗಿರಲಿಲ್ಲ, ಈಟಿಯ ಹಾಗೆ ಚೂಪಾಗಿತ್ತು. ಬೆನ್ನು ಉಪ್ಪುಕಾಗದದಷ್ಟು ಒರಟು. ಕಾಲುವೆಗೆ ಹೋದ ಮೊದಲನೆಯದರ ಬೆನ್ನ ಮೇಲೆ ಬಿಳಿ ಚುಕ್ಕಿಗಳ ಸಾಲಿತ್ತು ಎಂದು ಗುಮಾಸ್ತ ಹೇಳಿಕೆ ಕೊಟ್ಟ.

ಮಧ್ಯಾಹ್ನ ಎರ್ರಮ್ಮನ ವಿಚಾರಣೆ. ಗಿರಣಿಯಿಂದ ಎರಡು ಫರ್ಲಾಂಗು ದೂರದಲ್ಲಿ ಅವಳ ಗುಡಿಸಲು. ಅರವತ್ತೈದು ದಾಟಿದ ಒಂಟಿ ಮುದುಕಿ, ಬೆನ್ನು ಬಾಗಿತ್ತು.

"ಇದನ್ನ ನೋಡೀಯೇನವ್ವಾ?"

"ಗೇಟಿಗೆ ತೂಗಿದ್ದನ್ನ ಊರೇ ನೋಡೈತಿ. ನಾನೂ ನೋಡೀನಿ."

"ನೀನ ಕಟ್ಟಿದಿ ಅಂತಾರ."

"ಆ ಗೇಟಿನ ತುದಿ ನನ್ನ ಕೈಗೆ ನಿಲುಕಿದ್ರ ಕಟ್ತಿದ್ನೇನೋ."

ಹೊರಗೆ ಬಂದ ಮೇಲೆ ಭರಮಣ್ಣ ಅವಳ ಗುಡಿಸಲಿಗೆ ಒಬ್ಬ ಕಾನ್‌ಸ್ಟೇಬಲ್ ಹಾಕಲು ಹೇಳಿದರು. ಇದ್ದ ಮೂವರಲ್ಲಿ ಒಬ್ಬ ಕೋರ್ಟಿಗೆ, ಒಬ್ಬ ಬಂದೋಬಸ್ತಿಗೆ ಹೋಗಿದ್ದ, ಉಳಿದವನು ಠಾಣೆಯ ಪಹರೆಗೆ ಬೇಕಿತ್ತು. ನಾಡಿದ್ದಿನಿಂದ ಹಾಕಿದರಾಯಿತು ಎಂದು ಜಂಬಯ್ಯ ಅಂದ. ಭರಮಣ್ಣ ಸ್ವಲ್ಪ ಯೋಚಿಸಿ ಒಪ್ಪಿದರು.

ಜನವರಿ 30, ಮಂಗಳವಾರ. ಹನ್ನೊಂದು ಗಂಟೆಗೆ ಇಬ್ಬರೂ ಗೋಣಿಚೀಲ ಹಿಡಿದು ಹೊಸಪೇಟೆಯ ಕಾಲೇಜಿನ ಮೆಟ್ಟಿಲು ಹತ್ತಿದರು. ಪ್ರಾಣಿಶಾಸ್ತ್ರದ ಉಪನ್ಯಾಸಕ ಪಾಲಯ್ಯ ಗಾದಿಗನೂರಿನವರು, ಕರಾವಳಿಯಲ್ಲಿ ಓದಿ ಬಂದವರು. ಅವರ ಕೋಣೆಯಲ್ಲಿ ಫಾರ್ಮಲಿನ್ ವಾಸನೆ ಕಣ್ಣು ಚುಚ್ಚುತ್ತಿತ್ತು. ಚೀಲದಿಂದ ಎರಡೂ ಮೇಜಿನ ಮೇಲೆ ಬಂದದ್ದೇ ತಡ, ಪಾಲಯ್ಯ ಕನ್ನಡಕ ಏರಿಸಿ ಬಗ್ಗಿದರು. ಹೆದರಲಿಲ್ಲ. ಹಳೆಯ ಗೆಳೆಯ ಸಿಕ್ಕವರಂತೆ ಅವುಗಳ ಮೇಲೆ ಬೆರಳಾಡಿಸಿದರು.

"ಮೀನು ಇದು."

"ಮೀನಾ?" ಜಂಬಯ್ಯನ ಬಾಯಿಂದ ತಾನಾಗಿ ಬಂತು. "ಮುಖ ಐತಲ್ರಿ ಸರ್."

"ಮುಖ ಅಲ್ಲ, ಹೊಟ್ಟಿ ಕಡಿ. ನೀವು ಕಣ್ಣು ಅಂತ ತಿಳದಿದ್ದು ಮೂಗಿನ ಹೊಳ್ಳಿ. ನಿಜವಾದ ಕಣ್ಣು ಬೆನ್ನಿನ ಕಡಿ ಅದಾವ, ನೋಡ್ರಿ." ಅವರು ತಿರುವಿ ತೋರಿಸಿದರು. "ಬಾಯಿ ಮಾತ್ರ ಬಾಯೇ. ಕುತ್ತಿಗಿ ದಾರ ಬಿಗಿದು ಮಾಡಿದ್ದು. ರೆಕ್ಕಿಯನ್ನ ಕತ್ತರಿಸಿ ಅಗಲ ಮಾಡ್ಯಾರ."

"ಮತ್ತ ಕಾಲು?"

"ಗಂಡು ಮೀನಿಗೆ ಇರ್ತಾವ, ಹೆಣ್ಣಿನ ಜೋಡಿ ಕೂಡಾಕ. ಒಣಗಿದ್ರ ಕಾಲಿನಂಗ ಕಾಣ್ತಾವ."

ಪಾಲಯ್ಯ ಕಪಾಟಿನಿಂದ ಉದ್ದನೆಯ ಗಾಜಿನ ಜಾಡಿ ಇಳಿಸಿದರು. ಒಳಗೆ ಬಿಳಿಚಿಕೊಂಡ ಮೀನು: ಮುಂದೆ ಅಗಲ, ಹಿಂದೆ ಉದ್ದ, ಹಾಡುಗಾರರ ಗಿಟಾರಿನ ಆಕಾರ. ಹೆಸರೂ ಗಿಟಾರ್ ಮೀನೇ ಎಂದರು. ಬಾಲ ನೋಡಿದರೆ ಶಾರ್ಕು, ತಲೆ ನೋಡಿದರೆ ಕರಾವಳಿಯವರು ತೊರಕೆ ಅನ್ನುವ ಚಪ್ಪಟೆ ಮೀನು. ಈಜುವುದು ಶಾರ್ಕಿನ ಹಾಗೆ ಬಾಲ ಬೀಸಿ, ಬದುಕುವುದು ತೊರಕೆಯ ಹಾಗೆ ತಳದ ಮರಳಿಗೆ ಅಂಟಿಕೊಂಡು, ಏಡಿ ಚಿಪ್ಪು ತಿಂದು. ಹಾಗಾದರೆ ಯಾವ ಕುಲ ಅಂದರೆ ಕಿವಿರು ನೋಡಬೇಕು. ಶಾರ್ಕಿಗೆ ಕಿವಿರಿನ ಸೀಳು ಪಕ್ಕದಲ್ಲಿ. ಇದಕ್ಕೆ ಹೊಟ್ಟೆಯ ಕಡೆ, ಆಚೀಚೆ ಐದೈದು. ಆದ್ದರಿಂದ ತೊರಕೆಯ ಕುಲ.

"ಎರಡೂ ಅದೇ ಮೀನಾದ್ರ ಒಂದರಂಗ ಒಂದು ಯಾಕಿಲ್ಲ?" ಎಂದರು ಭರಮಣ್ಣ.

ಪಾಲಯ್ಯನ ಮುಖ ಅರಳಿತು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಅವರಿಗೆ ಕೇಳಿರಲಿಲ್ಲವೇನೋ.

"ಗಿಟಾರ್ ಮೀನು ಅನ್ನೋದು ಒಂದು ಮೀನಲ್ಲ ಸಾಹೇಬ್ರ. ಒಂದು ದೊಡ್ಡ ಬಳಗ. ನಲವತ್ತರ ಮ್ಯಾಲೆ ಅದಾವ ಅಂತಾರ, ಇನ್ನೂ ಎಣಸ್ತಾ ಅದಾರ. ಎಲ್ಲಾ ಒಂದೇ ಮನೆತನ ಅನ್ನೋರು ಅದಾರ, ಅಲ್ಲ ಮೂರು ಅನ್ನೋರೂ ಅದಾರ. ಈ ಚೂಪು ಮೂತಿಯ ಒರಟು ಬೆನ್ನಿಂದು ದಂಡಿ ಹತ್ರದ ಮರಳಿನಾಗ ಇರ್ತೈತಿ. ಈ ಗುಂಡು ತಲೀದು ಬ್ಯಾರೆ, ಬಾಯಿ ಬಿಲ್ಲಿನಂಗ ಡೊಂಕು, ಹುಬ್ಬಿನ ಮ್ಯಾಲೆ ಮುಳ್ಳಿನ ಸಾಲು. ಇದು ಮರಿ. ಬೆಳದ್ರ ಆಳಿಗಿಂತ ಉದ್ದ. ನೀರಾಗಿನ ಬಂಡೆಗಲ್ಲಿನ ಹತ್ರ ಸಿಗ್ತೈತಿ, ಸಿಗೋದೇ ಅಪರೂಪ. ಬಿಳಿ ಚುಕ್ಕಿ ಇತ್ತು ಅಂದ್ರಲ್ಲ, ಅದು ಮೂರನೇ ಜಾತಿ."

"ಮೂರೂ ಒಂದೇ ದಿನ, ಒಂದೇ ಬಲೀಗೆ ಬೀಳ್ತಾವೇನು?"

"ಕಷ್ಟ. ಇವನ್ನ ಕೂಡಿಸಿದಾತ ಒಂದೊಂದೇ ಆರಿಸ್ಯಾನ. ಮ್ಯಾಲಿಂದ ಮ್ಯಾಲೆ ಸಮುದ್ರಕ್ಕ ಹೋಗಿ ಬರೋ ಮನುಷ್ಯ."

ಭರಮಣ್ಣ ಕುತ್ತಿಗೆಯ ದಾರವನ್ನು ಬೆಳಕಿಗೆ ಹಿಡಿದರು. ಮೇಣ ಹಚ್ಚಿದ ದಪ್ಪ ದಾರ, ಲಾರಿಯವರು ತಾಡಪಾಲು ಹೊಲಿಯುವಂಥದ್ದು. ಮೆರುಗೆಣ್ಣೆಯ ಅಡಿಯಲ್ಲಿ, ಸುಕ್ಕುಗಳ ಸಂದಿಯಲ್ಲಿ ಕೆಂಪು ಹುಡಿ ಕೂತಿತ್ತು. ಜಂಬಯ್ಯ ಅದನ್ನು ಉಗುರಿನಿಂದ ಕೆರೆದು ನೋಡಿದ. ಸಂಡೂರು ರಸ್ತೆಯಲ್ಲಿ ಓಡಾಡಿದ ಯಾರಿಗಾದರೂ ಗೊತ್ತಾಗುವ ಹುಡಿ. ಅಂಗಿ ಎಷ್ಟು ಒಗೆದರೂ ಹೋಗುವುದಿಲ್ಲ.

"ಅದಿರಿನ ಲಾರಿ," ಎಂದ.

"ಕಾರವಾರ ಬಂದರಿಗೆ ಹೋಗ್ತಾವ," ಎಂದರು ಭರಮಣ್ಣ.

ಸಂಜೆ ಐದಕ್ಕೆ ಬಸ್ಸು ಕಂಪ್ಲಿ ಮುಟ್ಟುವಾಗ ಕಾಲುವೆಯ ದಿಕ್ಕಿನಲ್ಲಿ ಹೊಗೆ ಕಾಣುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಗಿರಣಿಯ ಏಳೆಂಟು ಜನ ಎರ್ರಮ್ಮನ ಗುಡಿಸಲಿಗೆ ಹೋಗಿದ್ದರು. ಅವಳನ್ನು ಹೊರಗೆಳೆದು ತಪ್ಪೊಪ್ಪಿಕೋ ಎಂದು ಬಡಿದರು. ಒಪ್ಪದಿದ್ದಾಗ ಗುಡಿಸಲಿಗೆ ಬೆಂಕಿ ಇಟ್ಟರು. ದೊಡ್ಡಬಸಪ್ಪ ಗಾಡಿಯಲ್ಲಿ ಕೂತು ಅಲ್ಲಿಗೇ ಬಂದಿದ್ದ, 'ಇನ್ನಾ ಬಡೀರಿ' ಎಂದಿದ್ದ. ಇದನ್ನು ಹೇಳಿದ್ದು ಅವನದೇ ಗಾಡಿ ಹೊಡೆಯುವವನು. ಜಂಬಯ್ಯ ಹೋದಾಗ ಎರ್ರಮ್ಮ ಬೇವಿನ ಮರದ ಬುಡದಲ್ಲಿ ಬಿದ್ದಿದ್ದಳು. ಬಲಗೈ ಮೊಣಕೈಯ ಕೆಳಗೆ ತಪ್ಪು ದಿಕ್ಕಿಗೆ ತಿರುಗಿತ್ತು. ಸುತ್ತ ಜನ ನಿಂತಿದ್ದರು, ಒಬ್ಬರೂ ನೀರು ಕೊಟ್ಟಿರಲಿಲ್ಲ.

ನಾಡಿದ್ದಿನಿಂದ ಹಾಕಿದರಾಯಿತು ಎಂದವನು ತಾನೇ ಎಂದು ಜಂಬಯ್ಯನಿಗೆ ನೆನಪಾಯಿತು. ಆಕೆಯನ್ನು ಎತ್ತಿ ಜೀಪಿನಲ್ಲಿ ಮಲಗಿಸಿದಾಗ ಭರಮಣ್ಣ ಅವನ ಮುಖ ನೋಡಲಿಲ್ಲ. ಆ ಕರುಣೆ ಅವನಿಗೆ ಬೈಗುಳಕ್ಕಿಂತ ಭಾರವಾಯಿತು.

ಗುನ್ನೆ ನಂಬರ್ 10/79, ಕಲಂ 325, 436. ಮರುದಿನ ಬೆಳಿಗ್ಗೆ ಆರು ಜನರನ್ನು, ಜೊತೆಗೆ ದೊಡ್ಡಬಸಪ್ಪನನ್ನು ಬಂಧಿಸಲಾಯಿತು. ಮೇಲಿನಿಂದ ಎರಡು ಫೋನು ಬಂದವು. ಭರಮಣ್ಣ ಎರಡಕ್ಕೂ "ಆಗ್ಲಿ ಸರ್, ಕಾಗದದ ಮ್ಯಾಲೆ ಬರದು ಕಳಸ್ರಿ" ಎಂದರು. ಮೂರನೆಯದು ಬರಲಿಲ್ಲ. ದೊಡ್ಡಬಸಪ್ಪನಿಗೆ ಎದೆನೋವು ಕಾಣಿಸಿ ಹೊಸಪೇಟೆಯ ಆಸ್ಪತ್ರೆಗೆ ಪಹರೆಯಲ್ಲಿ ಸೇರಿಸಿದರು. ಹೆಂಗಸರ ವಾರ್ಡಿನಲ್ಲಿ ಎರ್ರಮ್ಮ, ಗಂಡಸರ ವಾರ್ಡಿನಲ್ಲಿ ಅವನು.

ಜನವರಿ 31ರಂದೇ ಜಂಬಯ್ಯ ಮಫ್ತಿಯಲ್ಲಿ ಅದಿರಿನ ಲಾರಿಯೊಂದನ್ನು ಹತ್ತಿದ. ಹುಬ್ಬಳ್ಳಿ ದಾಟಿ, ಅರಬೈಲ ಘಾಟಿ ಇಳಿದು, ಫೆಬ್ರವರಿ 1ರ ಬೆಳಿಗ್ಗೆ ಕಾರವಾರ. ದೋಣಿಗಳು ನಿಲ್ಲುವ ಬೈತಖೋಲದ ದಕ್ಕೆಯಲ್ಲಿ ಮೀನು ಒಣಗಿಸುವ ಹೆಂಗಸರ ಸಾಲಿತ್ತು. ಚೀಲದಿಂದ ಗುಂಡು ತಲೆಯದನ್ನು ತೆಗೆದು ತೋರಿಸುತ್ತ ಹೋದ. ಹಲವರು ನಕ್ಕರು. ಆರನೆಯವಳು ನಗಲಿಲ್ಲ. ಐವತ್ತರ ಹೆಂಗಸು, ಕೈಗೆ ಮೊಣಕೈವರೆಗೆ ಉಪ್ಪು ಮೆತ್ತಿತ್ತು.

"ನನ್ನ ಮೀನನ್ನು ಹೀಗೆ ಮಾಡಿದ್ದಾರಾ?"

"ಯಾರು ಒಯ್ದಿದ್ದು?"

"ಒಬ್ಬ ಲಾರಿ ಡ್ರೈವರ್. ಮೂರ್ನಾಲ್ಕು ಸಲ ಬಂದಿದ್ದ. ನಾನು ಮೊದಲಿನದೇ ಜಾತಿ ಕೊಡಲು ಹೋದರೆ ಬೇಡ ಅಂತಿದ್ದ. ಪ್ರತಿ ಸಲ ಬೇರೆಯೇ ಬೇಕು. ಈ ಗುಂಡು ತಲೆಯದಕ್ಕೆ ಹದಿನೈದು ದಿನ ಕಾದ."

"ಯಾಕಂತ ಕೇಳಲಿಲ್ಲೇನು?"

"ಕೇಳಿದೆ. ಎರಡು ಒಂದೇ ತರ ಇದ್ದರೆ ಜನ ಇದೊಂದು ಪ್ರಾಣಿ ಅಂತ ತಿಳಿದುಬಿಡುತ್ತಾರೆ ಅಂದ. ಏನೋ ಹುಚ್ಚು ಅಂದುಕೊಂಡೆ."

ಹೆಸರು ಅವಳಿಗೆ ಗೊತ್ತಿರಲಿಲ್ಲ. ಲಾರಿ ಗೊತ್ತಿತ್ತು. ಮುಂದಿನ ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ 'ಹೊಳೆಮ್ಮನ ಆಶೀರ್ವಾದ' ಎಂದು ಬರೆದಿತ್ತಂತೆ. ಯಾವುದೋ ದೇವಿಯ ಹೆಸರಿರಬೇಕು ಎಂದಳು.

ಜಂಬಯ್ಯ ಅಲ್ಲೇ ಒಂದು ಬುಟ್ಟಿಯ ಮೇಲೆ ಕೂತ. ಅದು ದೇವಿಯ ಹೆಸರಲ್ಲ ಎಂದು ಅವನಿಗೆ ಗೊತ್ತಿತ್ತು.

ಹೇಳಿಕೆ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಅವನು ಕಂಪ್ಲಿಗೆ ಹಿಂದಿರುಗಿದ. ಫೆಬ್ರವರಿ 3, ಶನಿವಾರ, ಠಾಣೆಯ ದಾಖಲೆ ಕೋಣೆಯಲ್ಲಿ ಹಳೆಯ ಕಟ್ಟುಗಳನ್ನು ಬಿಚ್ಚಿದ. 1962ರ ಅಸ್ವಾಭಾವಿಕ ಮರಣದ ಕಡತ, ನಾಲ್ಕನೆಯದು. ಹೊಳೆಮ್ಮ, ವಯಸ್ಸು ಸುಮಾರು ಮೂವತ್ತೈದು, ವಿಧವೆ, ಬೇಸಾಯ. ಕಾಲುವೆಯಲ್ಲಿ ಶವ. ಕಾರಣ: ನೀರು ತರಲು ಹೋಗಿ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾಳೆ. ಚಹರೆಯ ಪಟ್ಟಿಯಲ್ಲಿ ತಲೆಗೂದಲಿನ ಮುಂದೆ ಒಂದೇ ಪದ: ಬೋಳು. ಗುಂಡುಗುಂಡಾದ ಆ ಅಕ್ಷರ ಅವನದೇ. ಆಗ ಇಪ್ಪತ್ತನಾಲ್ಕು ವರ್ಷದ ಕಾನ್‌ಸ್ಟೇಬಲ್. ಅಂದಿನ ಸಬ್ ಇನ್ಸ್‌ಪೆಕ್ಟರ್ ಹೇಳುತ್ತ ಹೋಗಿದ್ದರು, ಅವನು ಬರೆಯುತ್ತ ಹೋಗಿದ್ದ. ಬೇಸಾಯದ ಹೆಂಗಸಿನ ತಲೆ ಯಾಕೆ ಬೋಳಾಗಿದೆ ಎಂದು ಆ ಪಟ್ಟಿ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಆದರೆ ಅವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಕಡತವನ್ನು ಭರಮಣ್ಣನ ಮೇಜಿನ ಮೇಲಿಟ್ಟ. ಅವರು ಓದಿ ಮುಗಿಸುವವರೆಗೂ ನಿಂತೇ ಇದ್ದ.

"ಕೆಳಗ ನಿಮ್ಮ ಸಹಿ ಐತಲ್ರೀ ಜಂಬಯ್ಯ."

"ಐತ್ರಿ."

"ನಡದಿದ್ದು ಏನು?"

ಜಂಬಯ್ಯ ಹೇಳಿದ. ಕಾಲುವೆಗೆ ನೀರು ಬಂದ ಮೇಲೆ ಹೊಳೆಮ್ಮನ ನಾಲ್ಕು ಎಕರೆಗೆ ಬೆಲೆ ಬಂತು. ಗಿರಣಿ ಕಟ್ಟಲು ದೊಡ್ಡಬಸಪ್ಪನಿಗೆ ಆ ಜಾಗವೇ ಬೇಕಿತ್ತು, ಆಕೆ ಕೊಡುವುದಿಲ್ಲ ಅಂದಳು. ಒಂದು ಅಮಾವಾಸ್ಯೆಯ ಮರುದಿನ ದೊಡ್ಡಬಸಪ್ಪನ ಕಣಜದ ಹೊಸ್ತಿಲಡಿ ಕೂದಲು, ಮೆಣಸಿನಕಾಯಿ ಸೇರಿಸಿದ ಹಿಟ್ಟಿನ ಗೊಂಬೆ ಸಿಕ್ಕಿತು. ಹೊಳೆಮ್ಮ ಮಾಟ ಮಾಡಿದ್ದಾಳೆ ಎಂದು ಸುದ್ದಿ ಎದ್ದಿತು. ಆಕೆಯ ತಲೆ ಬೋಳಿಸಿ ಓಣಿಯಲ್ಲೆಲ್ಲ ನಡೆಸಿದರು. ಮೂರು ದಿನದ ಮೇಲೆ ಕಾಲುವೆಯಲ್ಲಿ ಸಿಕ್ಕಳು. ಮೈದುನ ಹೊಲ ಮಾರಿದ. ಹನ್ನೆರಡು ವರ್ಷದ ಮಗ ಮೂಕಣ್ಣನನ್ನು ಸೋದರಮಾವ ಚೋರನೂರಿಗೆ ಕರೆದುಕೊಂಡು ಹೋದ.

ಭರಮಣ್ಣ ಕಡತವನ್ನು ಮುಚ್ಚಿದರು. "ಇದನ್ನೆಲ್ಲ ಹೇಳಿಕೆ ಅಂತ ಬರದು ಸಹಿ ಮಾಡ್ತೀರಾ? ನೌಕರಿಗೆ ಕುತ್ತು ಬರಬಹುದು."

"ಬರೀತೀನ್ರಿ," ಎಂದ ಜಂಬಯ್ಯ. "ಹೋದ್ಸಲ ಬ್ಯಾರೆಯವರು ಹೇಳಿದ್ದು ಬರದಿದ್ದೆ."

ಫೆಬ್ರವರಿ 4, ಭಾನುವಾರ, ಬೆಳಿಗ್ಗೆ ಹತ್ತು. ಆಸ್ಪತ್ರೆಯಲ್ಲಿ ದೊಡ್ಡಬಸಪ್ಪನ ಮಂಚದ ಬದಿಯ ಮೇಜಿನ ಮೇಲೆ ಭರಮಣ್ಣ ಎರಡೂ ಮೀನುಗಳನ್ನು ಇಟ್ಟರು. ಅವನು ಗೋಡೆಗೆ ಸರಿದ. ಹೊಳ್ಳಿ, ಕಿವಿರು, ಕಟ್ಟಿದ ದಾರ, ಒಂದೊಂದನ್ನೇ ತೋರಿಸಿ ಇದು ಸಮುದ್ರದ ಮೀನು ಎಂದು ಹೇಳಿದರು. ದೊಡ್ಡಬಸಪ್ಪನ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಮುಖದ ಮೇಲೆ ಹಳೆಯ ಯಜಮಾನ ಮರಳಿ ಕಾಣಿಸಿಕೊಂಡ.

"ಹಂಗಾರ ಯಾವ ಮಗ ಕಟ್ಟಿದ್ದು?"

"ಹೊಳೆಮ್ಮನ ಮಗ."

ಆ ಯಜಮಾನ ಅಲ್ಲೇ ಆರಿಹೋದ. ಕೈ ಹಾಸಿಗೆಯ ಅಂಚನ್ನು ಹುಡುಕಿತು.

"1962ರಾಗ ನಿಮ್ಮ ಹೊಸ್ತಿಲಡಿ ಗೊಂಬಿ ಇಟ್ಟಿದ್ದು ಯಾರು?"

ಅವನ ಕಣ್ಣು ಗುಂಡು ತಲೆಯ ಮೀನಿನ ಮೇಲೆ ನಿಂತಿತು.

"ನಾನ," ಎಂದ ದೊಡ್ಡಬಸಪ್ಪ.

"ಮಾಟ ಅನ್ನೋದು ಸುಳ್ಳು, ಕೈಯಿಂದ ಮಾಡೋದು ಅಂತ ಊರಾಗ ಎಲ್ಲಾರಿಗಿಂತ ಮೊದ್ಲು ತಿಳದಿದ್ದು ನಿಮಗ. ಆದ್ರೂ ಯಾಕ ಹೆದರಿದ್ರಿ?"

"ಅದರ ತಲಿ ಬೋಳು ಇತ್ತಲ್ರಿ," ಎಂದ ಅವನು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಲಾರಿ ಹುಡುಕುವುದು ಕಷ್ಟವಾಗಲಿಲ್ಲ. ಅಮಾವಾಸ್ಯೆಯ ದಿನ ಅದಿರಿನ ಲಾರಿಯವರು ಗಾಡಿ ತೆಗೆಯುವುದಿಲ್ಲ, ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿ ನಿಲ್ಲಿಸುತ್ತಾರೆ. 'ಹೊಳೆಮ್ಮನ ಆಶೀರ್ವಾದ' ಮೂರು ಅಮಾವಾಸ್ಯೆಯೂ ಕಂಪ್ಲಿಗೆ ಹತ್ತಿರದ ಹೊಸಪೇಟೆಯಲ್ಲಿ ನಿಂತಿತ್ತೆಂದು ಲಾರಿ ಆಫೀಸಿನ ಪುಸ್ತಕ ತೋರಿಸಿತು. ಫೆಬ್ರವರಿ 5, ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ ಸಂಡೂರಿನ ಅದಿರಿನ ಪ್ಲಾಟಿನಲ್ಲಿ ಜೀಪು ನಿಂತಿತು. ಸಾಲಿನಲ್ಲಿ ನಾಲ್ಕನೆಯ ಲಾರಿ. ಹೆಂಗಸರು ಬುಟ್ಟಿಯಲ್ಲಿ ಅದಿರು ಹೊತ್ತು ತುಂಬುತ್ತಿದ್ದರು. ಗಾಲಿಯ ನೆರಳಲ್ಲಿ ಕೂತು ಒಬ್ಬ ರೊಟ್ಟಿ ತಿನ್ನುತ್ತಿದ್ದ. ಇಪ್ಪತ್ತೊಂಬತ್ತು ವರ್ಷ, ರೆಪ್ಪೆಯ ಮೇಲೂ ಕೆಂಪು ಹುಡಿ.

"ಮೂಕಣ್ಣ ಅಂದ್ರ ನೀನೇನು?"

"ಹೌದ್ರಿ." ಅವನು ಓಡಲಿಲ್ಲ. ಕೈಯಲ್ಲಿದ್ದ ತುತ್ತು ಮುಗಿಸಿ, ನೀರು ಕುಡಿದು ಎದ್ದ. "ಆ ಮುದುಕಿ ಬದುಕ್ಯಾಳೇನ್ರಿ?"

"ಬದುಕ್ಯಾಳ. ಕೈ ಮುರದೈತಿ."

ಪಂಚರ ಸಮಕ್ಷಮ ಕ್ಯಾಬಿನ್ ಶೋಧಿಸಿದರು. ಸೀಟಿನಡಿ ತಾಡಪಾಲಿನ ತುಂಡಿನಲ್ಲಿ ನಾಲ್ಕನೆಯದು ಸಿಕ್ಕಿತು: ಮೊಂಡು ಮೂತಿ, ಮೈಮೇಲೆ ಕಂದು ಕಲೆ. ಕುತ್ತಿಗೆ ಕಟ್ಟಿತ್ತು, ಮೆರುಗೆಣ್ಣೆ ಇನ್ನೂ ಬಳಿದಿರಲಿಲ್ಲ. ಜೊತೆಗೆ ಅಂಗೈ ಅಗಲದ ತಗಡು. ಅದರ ಮೇಲೆ ಹಳದಿ ಬಣ್ಣದಲ್ಲಿ: ಮೂಕಣ್ಣ, ಹೊಳೆಮ್ಮನ ಮಗ.

"ಇದು ಯಾವಾಗ ಕೊಂಡಿದ್ದು?"

"ಜನವರಿ ಇಪ್ಪತ್ತರಾಗ. ತಗಡು ನಿನ್ನೆ ಬರದೆ, ಮುದುಕೀದು ಸುದ್ದಿ ತಿಳದ ಮ್ಯಾಲೆ. ಇನ್ನೊಬ್ಬರ ಮ್ಯಾಲೆ ಹೋಗಬಾರದು ಅಂತ."

"ಆಕಿ ಕೈ ಮುರದ್ರೂ ನಿಲ್ಲಸ್ತಿದ್ದಿಲ್ಲೇನು?" ಜಂಬಯ್ಯ ಕೇಳಿದ.

"ಇಲ್ರಿ." ತಗಡನ್ನು ನೋಡಿ ಅಂದ: "ದೊಡ್ಡಬಸಪ್ಪ ಇನ್ನೂ ಉಣ್ತಿದ್ದ, ಮಲಗ್ತಿದ್ದ."

ಹನ್ನೆರಡು ಐವತ್ತಕ್ಕೆ ದಸ್ತಗಿರಿ. ಕೈಕೋಳ ಹಾಕುವ ಮುಂಚೆ ಜಂಬಯ್ಯ ಅವನ ಮುಂದೆ ನಿಂತು ಹೇಳಿದ: "ನಿಮ್ಮವ್ವ ಕಾಲು ಜಾರಿ ಬಿದ್ಲು ಅಂತ ಬರದಾವ ನಾನ." ಮೂಕಣ್ಣ ಅವನನ್ನು ನೋಡಿದ. ಬೈಯಲಿಲ್ಲ, ಉಗುಳಲಿಲ್ಲ. ಎರಡೂ ಕೈ ಮುಂದೆ ಚಾಚಿದ.

ಆ ರಾತ್ರಿ ಹೊಸಪೇಟೆಯಲ್ಲಿ ಮ್ಯಾಜಿಸ್ಟ್ರೇಟರ ಮನೆಗೆ ಹೋಗುವ ದಾರಿಯಲ್ಲಿ ಅವನು ಒಂದೇ ಒಂದು ಕೇಳಿಕೊಂಡ. ಭರಮಣ್ಣ ಜೀಪನ್ನು ಆಸ್ಪತ್ರೆಯ ಕಡೆ ತಿರುಗಿಸಿದರು. ಎರ್ರಮ್ಮ ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಳು. ಮೂಕಣ್ಣ ಮಂಚದಿಂದ ದೂರವೇ ನಿಂತ.

"ಯವ್ವಾ, ಅವನ್ನೆಲ್ಲ ಕಟ್ಟಿದಾವ ನಾನು. ನಿನಗ ಹಿಂಗಾಗಲಿ ಅಂತ ಅಲ್ಲ."

ಮುದುಕಿ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. "ಹೊಳೆಮ್ಮನ ಕಣ್ಣು," ಎಂದಳು. "ನಿಮ್ಮವ್ವನ್ನ ಓಣ್ಯಾಗ ನಡಸೋ ದಿನ ನಾನೂ ಬಾಗಲಾಗ ನಿಂತು ನೋಡಿದಾಕಿ. ಒಂದು ಮಾತು ಆಡಲಿಲ್ಲ."

"ನಿನ್ನ ಮ್ಯಾಲೆ ನನಗ ಸಿಟ್ಟಿರಲಿಲ್ಲ."

"ಇರಬೇಕಿತ್ತು," ಎಂದಳು ಎರ್ರಮ್ಮ.

ಮುಂದೆ ನ್ಯಾಯಾಲಯದಲ್ಲಿ ಮೂಕಣ್ಣನಿಗೆ ಒಂಬತ್ತು ತಿಂಗಳ ಸಜೆಯಾಯಿತು. ಗುಡಿಸಲು ಸುಟ್ಟ ಪ್ರಕರಣದಲ್ಲಿ ದೊಡ್ಡಬಸಪ್ಪನಿಗೆ ಮೂರು ವರ್ಷ. ಹೊಳೆಮ್ಮನ ಸಾವಿನ ಬಗ್ಗೆ ಜಂಬಯ್ಯ ಬರೆದುಕೊಟ್ಟ ಹೇಳಿಕೆಯ ಮೇಲೆ ಹೊಸ ಪ್ರಕರಣ ನಿಲ್ಲಲಿಲ್ಲ. ಸಾಕ್ಷಿಗಳೆಲ್ಲ ಸತ್ತಿದ್ದರು, ಇಲ್ಲವೇ ಮರೆತಿದ್ದರು. ಜಂಬಯ್ಯನ ಒಂದು ಬಡ್ತಿ ಹೋಯಿತು. ಅವನು ಮೇಲ್ಮನವಿ ಹಾಕಲಿಲ್ಲ.

ದಸ್ತಗಿರಿಯಾದ ದಿನ ಸಂಜೆ ಆರಕ್ಕೆ, ಹೊಸಪೇಟೆಗೆ ಹೊರಡುವ ಮುಂಚೆ, ಠಾಣೆಯಲ್ಲಿ ಮೂಕಣ್ಣನ ಹೇಳಿಕೆ ಬರೆದುಕೊಂಡವನು ಜಂಬಯ್ಯನೇ. ಕೃತ್ಯದ ಉದ್ದೇಶದ ಜಾಗಕ್ಕೆ ಬಂದಾಗ, ತಾಯಿಯ ಸಾವಿಗೆ ಸೇಡು ಎಂದು ಬರೆಯಲೇ ಎಂದು ಕೇಳಿದ.

"ಸತ್ತಿದ್ದಕ್ಕ ಅಲ್ರಿ," ಎಂದ ಮೂಕಣ್ಣ. "ತಲಿ ಬೋಳಿಸಿ ಬಿಟ್ಟ ಮ್ಯಾಲೆ ಮೂರು ದಿನ ಅವ್ವ ಮನಿ ಮೂಲ್ಯಾಗ ಕುಂತಿದ್ಲು. ನಾನು ಹತ್ರ ಹೋದ್ರ ಬರಬ್ಯಾಡ ಅಂತಿದ್ಲು. ನನ್ನ ಕೈಯಾಗ ಏನೈತೋ ಏನೋ, ನಿನಗ ಏನರ ಆದೀತು, ದೂರ ಇರು ಅಂತಿದ್ಲು. ಎಲ್ಲಾರೂ ಅಂದು ಅಂದು, ತಾನು ಅಂಥಾಕಿನ ಇರಬೇಕು ಅಂತ ಆಕಿಗೇ ಅನಸಿತ್ತು. ತನ್ನ ಕೈ ಕಂಡ್ರ ತಾನ ಅಂಜೋದು ಹೆಂಗಿರ್ತೈತಿ ಅಂತ ಆ ಗೊಂಬಿ ಇಟ್ಟ ದೊಡ್ಡಬಸಪ್ಪನೂ ನೋಡ್ಲಿ ಅಂತ ಇತ್ರಿ."

ಜಂಬಯ್ಯ ಅದನ್ನು ಅವನು ಹೇಳಿದಂತೆಯೇ, ಒಂದು ಪದವನ್ನೂ ತಿದ್ದದೆ ಬರೆದ.